ಸತ್ತವರು ಎಷ್ಟನೇ ಕ್ಲಾಸು ಓದಿದ್ದರು?

ಹೋದ ವರ್ಷ ನಮ್ಮ ಸೋದರತ್ತೆ ತೀರಿಕೊಂಡಾಗ ಮರಣ ಪ್ರಮಾಣಪತ್ರಕ್ಕೆ ಓಡಾಡಿದವನು ನಾನು. ನಮೂನೆ 2 ಎಂಬ ಹಾಳೆಯನ್ನು ಮೊದಲ ಸಲ ಪೂರ್ತಿ ಓದಿದ್ದು ಆಗಲೇ. ಹೆಸರು, ವಯಸ್ಸು, ತೀರಿಕೊಂಡ ಜಾಗ. ಕೆಳಗೆ ಅಂಕಿಅಂಶಕ್ಕೆಂದೇ ಮೀಸಲಾದ ಭಾಗ: ಧರ್ಮ, ಉದ್ಯೋಗ, ಕೊನೆಗಾಲದಲ್ಲಿ ಸಿಕ್ಕ ವೈದ್ಯಕೀಯ ನೆರವು. ಬೀಡಿ ಸಿಗರೇಟು ಸೇದುತ್ತಿದ್ದರೇ, ಎಷ್ಟು ವರ್ಷದಿಂದ? ಹೊಗೆಸೊಪ್ಪು ಹಾಕುತ್ತಿದ್ದರೇ? ಅಡಿಕೆ? ಮದ್ಯ? ಅತ್ತೆಗೆ ಊಟ ಬಿಟ್ಟರೂ ಎಲೆಯಡಿಕೆ ಬಿಡಲಾಗುತ್ತಿರಲಿಲ್ಲ. ಮದುವೆಯಾದ ವರ್ಷದಿಂದ ಲೆಕ್ಕ ಹಾಕಿ, ಐವತ್ತೆಂಟು ವರ್ಷ ಎಂದು ಬರೆದೆ. ಅವರು ಶಾಲೆಯ ಮೆಟ್ಟಿಲು ಹತ್ತಿದ್ದರೇ ಎಂಬ ಪ್ರಶ್ನೆ ಮಾತ್ರ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಮಗು ಹುಟ್ಟಿದಾಗ ತುಂಬುವ ನಮೂನೆ 1ರಲ್ಲಿ ತಾಯಿ ಎಷ್ಟು ಓದಿದ್ದಾಳೆ, ತಂದೆ ಎಷ್ಟು ಓದಿದ್ದಾನೆ ಎಂದು ಕೇಳುತ್ತಾರೆ. ಸತ್ತವರ ಓದನ್ನು ಯಾರೂ ಕೇಳುವುದಿಲ್ಲ.

ಈ ಒಂದು ಕಾಲಂ ಇಲ್ಲದ ಕಾರಣ ನಮಗೆ ಉತ್ತರ ಸಿಗದೇ ಹೋಗಿರುವ ಪ್ರಶ್ನೆ ದೊಡ್ಡದು. ಓದಿದವರು ಓದದವರಿಗಿಂತ ಎಷ್ಟು ವರ್ಷ ಹೆಚ್ಚು ಬದುಕುತ್ತಾರೆ? ಹೆಚ್ಚು ಬದುಕುತ್ತಾರೆ ಎಂಬುದು ಎಲ್ಲರಿಗೂ ಅಂದಾಜಿನಲ್ಲಿ ಗೊತ್ತು. ಎಷ್ಟು ಎಂಬುದನ್ನು ಲೆಕ್ಕ ಹಾಕಿ ಹೇಳುವುದು ಬೇರೆಯೇ ಕೆಲಸ. ಆ ಕೆಲಸ ಎಷ್ಟು ಕಷ್ಟದ್ದು ಎಂದು ನನಗೆ ಅರ್ಥವಾಗಿದ್ದು ನೂಲ್ಪುಳದಲ್ಲಿ.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು, ಮೂಲೆಹೊಳೆ ದಾಟಿದರೆ ಕೇರಳದ ಮುತ್ತಂಗ. ರಾತ್ರಿ ಒಂಬತ್ತಕ್ಕೆ ಗೇಟು ಬೀಳುವ ಅದೇ 766ನೇ ಹೆದ್ದಾರಿ. ಅಲ್ಲಿಂದ ಸುಲ್ತಾನ್ ಬತ್ತೇರಿಯತ್ತ ಹೋಗುವ ದಾರಿಯ ಎರಡೂ ಬದಿಗೆ ಹರಡಿಕೊಂಡಿರುವುದು ನೂಲ್ಪುಳ ಪಂಚಾಯತಿ. ಒಂದು ಕಡೆ ಕರ್ನಾಟಕದ ಗಡಿ, ಇನ್ನೊಂದು ಕಡೆ ತಮಿಳುನಾಡಿನದು. ಕಾಡಂಚಿನಲ್ಲಿ ಪಣಿಯರು, ಕುರುಮರು, ಕಾಟುನಾಯ್ಕರು ಇದ್ದಾರೆ. ಕಾಟುನಾಯ್ಕರ ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ನಮ್ಮ ಕಡೆಯ ಜೇನುಕುರುಬರ ಮಾತು ಕೇಳಿ ಬೆಳೆದವರಿಗೆ ಅರ್ಧಕ್ಕರ್ಧ ತಿಳಿಯುತ್ತದೆ. ಕೇರಳದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವ ಐದು ಸಮುದಾಯಗಳಲ್ಲಿ ಅವರದೂ ಒಂದು.

ಅಲ್ಲೊಂದು ಹಾಡಿಯಲ್ಲಿ ಜಗಲಿಯ ಮೇಲೆ ಕೂತಿದ್ದ ಅಜ್ಜಿಯನ್ನು ವಯಸ್ಸೆಷ್ಟು ಎಂದು ಕೇಳಿದೆ. ಬಿದಿರು ಹೂ ಬಿಟ್ಟದ್ದನ್ನು ಎರಡು ಸಲ ಕಂಡಿದ್ದೇನೆ ಎಂದರು. ಮೊದಲ ಸಲ ತಾಯಿಯ ಜೊತೆ ಬಿದಿರಕ್ಕಿ ಆರಿಸಲು ಹೋಗಿದ್ದರಂತೆ. ಮೊರ ಎತ್ತುವಷ್ಟು ದೊಡ್ಡವಳಾಗಿದ್ದೆ ಎಂದು ಕೈ ಎತ್ತಿ ತೋರಿಸಿದರು. ಎರಡನೇ ಸಲಕ್ಕೆ ಮೊಮ್ಮಕ್ಕಳಾಗಿದ್ದವು. ಹೆಬ್ಬಿದಿರು ಹೂ ಬಿಡುವುದು ನಲವತ್ತು ಚಿಲ್ಲರೆ ವರ್ಷಕ್ಕೊಮ್ಮೆ. ವಯನಾಡಿನಲ್ಲಿ ಅದು ಕೊನೆಯ ಬಾರಿ ಹೂ ಬಿಟ್ಟು ಒಣಗಿ ಹದಿನೈದು ವರ್ಷ ಆಗುತ್ತ ಬಂದಿರಬಹುದು. ಎಲ್ಲ ಕೂಡಿಸಿದರೂ ಅಜ್ಜಿಗೆ ಎಪ್ಪತ್ತು ದಾಟುವುದಿಲ್ಲ. ಸೊಸೆ ಒಳಗಿನಿಂದ ತಂದು ತೋರಿಸಿದ ಆಧಾರ್ ಕಾರ್ಡಿನಲ್ಲಿ ಹುಟ್ಟಿದ್ದು ಜನವರಿ 1. ವರ್ಷದ ಪ್ರಕಾರ ಅವರಿಗೆ ಎಂಬತ್ತು.

ನಾಳೆ ಈ ಅಜ್ಜಿ ತೀರಿಕೊಂಡರೆ ನೋಂದಣಿ ಪುಸ್ತಕದಲ್ಲಿ ಏರುವುದು ಕಾರ್ಡಿನ ವಯಸ್ಸು. ಶಾಲೆ ಕಾಣದ ಅವರು ಎಂಬತ್ತರವರೆಗೆ ಬದುಕಿದರು ಎಂದು ದಾಖಲೆ ಹೇಳುತ್ತದೆ. ನಮ್ಮಲ್ಲಿ ಆ ತಲೆಮಾರಿಗೆ ಹುಟ್ಟಿದ ದಿನಾಂಕ ಕೊಟ್ಟದ್ದೇ ಶಾಲೆ. ಮೇಷ್ಟ್ರು ಸೇರಿಸಿಕೊಳ್ಳುವಾಗ ಜೂನ್ 1 ಎಂದು ಬರೆದುಕೊಂಡಿದ್ದರೂ ವರ್ಷವಂತೂ ಹೆಚ್ಚುಕಮ್ಮಿ ಸರಿಯಿರುತ್ತಿತ್ತು. ಶಾಲೆಗೆ ಹೋಗದವರಿಗೆ ಆ ವರ್ಷವೂ ಇಲ್ಲ. ಮುದುಕರ ವಯಸ್ಸು ಅಂದಾಜಿನಲ್ಲಿ ಮೇಲಕ್ಕೇ ಜಾರುತ್ತದೆ. ಹಾಗಾಗಿ ಓದದವರು ನಿಜಕ್ಕಿಂತ ಹೆಚ್ಚು ಕಾಲ ಬದುಕಿದಂತೆ ಕಾಣುತ್ತದೆ, ಓದಿದವರಿಗೂ ಅವರಿಗೂ ಇರುವ ಅಂತರ ಕಾಗದದ ಮೇಲೆ ಸಣ್ಣದಾಗುತ್ತದೆ. ಯಾರ ನಷ್ಟವನ್ನು ಅಳೆಯಲು ಹೊರಟಿದ್ದೇವೋ ಅವರ ಅಳತೆಯೇ ಕೈಕೊಡುತ್ತದೆ.

ಲೆಕ್ಕ ಹಾಕುವ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಪತ್ರಿಕೆಗಳಲ್ಲಿ ನಿರೀಕ್ಷಿತ ಆಯಸ್ಸು ಎಂಬ ಮಾತು ದಿನಾ ಬರುತ್ತದೆ, ಅದು ಏನೆಂದು ಬಿಡಿಸಿ ಹೇಳುವವರು ಕಡಿಮೆ. ಮೂವತ್ತು ತುಂಬಿದ ಸಾವಿರ ಜನರನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಿ. ಈಗಿನ ಪ್ರಮಾಣದಲ್ಲಿ ಮೂವತ್ತರಿಂದ ಮೂವತ್ತೊಂದರೊಳಗೆ ಎಷ್ಟು ಜನ ಸಾಯುತ್ತಾರೋ ಅಷ್ಟು ಜನರನ್ನು ಕಳೆಯಿರಿ. ಉಳಿದವರಿಗೆ ಮೂವತ್ತೊಂದರ ಪ್ರಮಾಣ ಹಚ್ಚಿ. ಹೀಗೆ ಕೊನೆಯವರು ಹೋಗುವವರೆಗೂ ಕಳೆಯುತ್ತ ಬನ್ನಿ. ಆ ಸಾವಿರ ಜನ ಮೂವತ್ತು ತುಂಬಿದ ಮೇಲೆ ಒಟ್ಟು ಬದುಕಿದ ವರ್ಷಗಳನ್ನು ಕೂಡಿ ಸಾವಿರದಿಂದ ಭಾಗಿಸಿದರೆ ಬರುವುದು ಮೂವತ್ತರ ನಂತರದ ನಿರೀಕ್ಷಿತ ಆಯಸ್ಸು. ಈ ಪಟ್ಟಿಗೆ ಜೀವಿತ ಕೋಷ್ಟಕ ಎಂದು ಹೆಸರು. 1662ರಲ್ಲಿ ಲಂಡನ್ನಿನ ಬಟ್ಟೆ ವ್ಯಾಪಾರಿ ಜಾನ್ ಗ್ರಾಂಟ್ ವಾರವಾರದ ಸಾವಿನ ಪಟ್ಟಿಗಳನ್ನು ಹರವಿಕೊಂಡು ಇದರ ಮೊದಲ ರೂಪ ತಯಾರಿಸಿದ. ಧೂಮಕೇತುವಿಗೆ ಹೆಸರು ಕೊಟ್ಟ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ನಗರದ ಜನನ ಮರಣ ದಾಖಲೆಗಳಿಂದ ಅದನ್ನು ಇನ್ನಷ್ಟು ಹದಕ್ಕೆ ತಂದ.

ಓದಿನ ಪ್ರಕಾರ ಲೆಕ್ಕ ಹಾಕುವಾಗ ಹುಟ್ಟಿನಿಂದ ಶುರುಮಾಡುವಂತಿಲ್ಲ. ತೊಟ್ಟಿಲಲ್ಲಿರುವ ಮಗುವಿಗೆ ಓದು ಎಲ್ಲಿಂದ ಬರಬೇಕು? ಅದಕ್ಕೇ ಓದು ಮುಗಿದಿರುವ ವಯಸ್ಸಿನಿಂದ, ಇಪ್ಪತ್ತೈದು ಅಥವಾ ಮೂವತ್ತರಿಂದ, ಎಣಿಕೆ ಶುರು. ಓದದವರದು ಒಂದು ಕೋಷ್ಟಕ, ಪ್ರಾಥಮಿಕ ಮುಗಿಸಿದವರದು ಇನ್ನೊಂದು, ಡಿಗ್ರಿಯವರದು ಮತ್ತೊಂದು. ಅವುಗಳ ನಡುವಿನ ವ್ಯತ್ಯಾಸವೇ ನಾವು ಹುಡುಕುತ್ತಿರುವ ಸಂಖ್ಯೆ.

ಇಷ್ಟೆಲ್ಲ ರಗಳೆ ಯಾಕೆ, ನೋಂದಣಿ ಪುಸ್ತಕಕ್ಕೆ ಓದಿನ ಕಾಲಂ ಸೇರಿಸಿ, ಓದಿದವರು ಸರಾಸರಿ ಎಷ್ಟನೇ ವಯಸ್ಸಿಗೆ ತೀರಿಕೊಂಡರು ಎಂದು ನೋಡಿದರೆ ಸಾಲದೇ ಎಂದು ಸ್ನೇಹಿತರೊಬ್ಬರು ಕೇಳಿದರು. ಸಾಲದು, ಫಲಿತಾಂಶ ತಲೆಕೆಳಗಾಗಿ ಬರುತ್ತದೆ. ನೂಲ್ಪುಳದ ಹಾಡಿಗಳಲ್ಲಿ ಡಿಗ್ರಿ ಓದಿದವರು ಯಾರು? ಇಪ್ಪತ್ತು, ಮೂವತ್ತರ ಹುಡುಗ ಹುಡುಗಿಯರು. ಅವರಲ್ಲಿ ಯಾರಾದರೂ ತೀರಿಕೊಂಡರೆ ಅದು ಬೈಕ್ ಅಪಘಾತದಲ್ಲೋ ಕಾಯಿಲೆಯಲ್ಲೋ, ಚಿಕ್ಕ ವಯಸ್ಸಿಗೇ. ಡಿಗ್ರಿ ಓದಿದ ಮುದುಕರು ಸಾಯಬೇಕಾದರೆ ಮೊದಲು ಅಂಥ ಮುದುಕರು ಇರಬೇಕಲ್ಲ! ಶಾಲೆ ಕಾಣದವರೋ ಬಹುಪಾಲು ವಯಸ್ಸಾದವರೇ. ಪುಸ್ತಕ ನೋಡಿದರೆ ಓದಿದವರು ಮೂವತ್ತಕ್ಕೆ, ಓದದವರು ಎಪ್ಪತ್ತಕ್ಕೆ ಸತ್ತಂತೆ ಕಾಣುತ್ತದೆ. 1835ರಲ್ಲಿ ಜಿನೀವಾದ ವೈದ್ಯ ಲೊಂಬಾರ್ ಬೇರೆ ಬೇರೆ ಕಸುಬಿನವರು ಸರಾಸರಿ ಯಾವ ವಯಸ್ಸಿಗೆ ಸತ್ತರು ಎಂದು ಪಟ್ಟಿ ಮಾಡಿದಾಗ, ಎಲ್ಲರಿಗಿಂತ ಬೇಗ ಸಾಯುವವರು ವಿದ್ಯಾರ್ಥಿಗಳು ಎಂದು ಬಂದಿತ್ತು. ವಿದ್ಯಾರ್ಥಿಯಾಗಿದ್ದಾಗ ಸಾಯುವವರು ಎಳೆಯರೇ ಆಗಿರುತ್ತಾರೆ. ಆದ್ದರಿಂದ ಸತ್ತವರನ್ನು ಮಾತ್ರ ಎಣಿಸಿದರೆ ಆಗದು. ಅದೇ ವಯಸ್ಸಿನ, ಅಷ್ಟೇ ಓದಿನ ಬದುಕಿರುವವರು ಎಷ್ಟು ಜನ ಎಂಬುದೂ ಗೊತ್ತಿರಬೇಕು.

ಬದುಕಿರುವವರ ಲೆಕ್ಕ ಜನಗಣತಿಯಲ್ಲಿದೆ, ಸತ್ತವರದು ಮರಣ ನೋಂದಣಿಯಲ್ಲಿ. ಎರಡೂ ಕಡೆ ಓದನ್ನು ಕೇಳಿದರೂ ತೊಡಕು ತೀರುವುದಿಲ್ಲ. ಗಣತಿಯವರು ಮನೆಗೆ ಬಂದಾಗ ಅಪ್ಪನೇ ನಿಂತು ಏಳನೇ ಕ್ಲಾಸು ಎಂದಿರುತ್ತಾನೆ. ಅಪ್ಪ ಸತ್ತ ಮೇಲೆ ಮಗ ಗೌರವಕ್ಕೆಂದು ಎಸ್ಸೆಸ್ಸೆಲ್ಸಿ ಎಂದು ಬರೆಸುತ್ತಾನೆ. ಒಬ್ಬನೇ ಮನುಷ್ಯ ಬದುಕಿದ್ದಾಗ ಒಂದು ಗುಂಪಿನಲ್ಲಿ, ಸತ್ತಾಗ ಇನ್ನೊಂದರಲ್ಲಿ. ಇದನ್ನು ತಪ್ಪಿಸಲು ಅಮೆರಿಕದಲ್ಲಿ ಎವೆಲಿನ್ ಕಿಟಗಾವಾ ಮತ್ತು ಫಿಲಿಪ್ ಹೌಸರ್ 1960ರ ಮೂರು ಲಕ್ಷಕ್ಕೂ ಹೆಚ್ಚು ಮರಣ ಪ್ರಮಾಣಪತ್ರಗಳನ್ನು ಹಿಡಿದು, ಅದೇ ವರ್ಷದ ಗಣತಿ ಹಾಳೆಗಳಲ್ಲಿ ಆ ವ್ಯಕ್ತಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿಸಿದರು. ಅವರ ಪುಸ್ತಕ ಬಂದದ್ದು 1973ರಲ್ಲಿ. ಸ್ವೀಡನ್, ನಾರ್ವೆ, ಫಿನ್ಲೆಂಡ್‌ಗಳಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ. ಓದಿನ ದಾಖಲೆಯೂ ಸಾವಿನ ದಾಖಲೆಯೂ ಅದರಿಂದಲೇ ಕೂಡಿಕೊಳ್ಳುತ್ತವೆ.

ಅಮೆರಿಕದ ಸಂಖ್ಯೆಗಳನ್ನು ಒಮ್ಮೆ ನೋಡಿ. ಅರ್ಥಶಾಸ್ತ್ರಜ್ಞರಾದ ಆನ್ ಕೇಸ್ ಮತ್ತು ಆಂಗಸ್ ಡೀಟನ್ ಲೆಕ್ಕದ ಪ್ರಕಾರ, ಇಪ್ಪತ್ತೈದು ದಾಟಿದವರಲ್ಲಿ ಕಾಲೇಜು ಪದವಿ ಇದ್ದವರಿಗೂ ಇಲ್ಲದವರಿಗೂ ನಡುವಿನ ಆಯಸ್ಸಿನ ಅಂತರ 1992ರಲ್ಲಿ ಸುಮಾರು ಎರಡೂವರೆ ವರ್ಷವಿತ್ತು. 2021ರ ಹೊತ್ತಿಗೆ ಅದು ಎಂಟೂವರೆ ವರ್ಷ. ಜಗತ್ತಿನ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೂ ವಯಸ್ಕರ ಸಾವಿನ ಅಪಾಯ ಸುಮಾರು ಶೇ 2ರಷ್ಟು ಇಳಿಯುತ್ತದೆ ಎಂದು ಕಂಡುಕೊಂಡಿತು.

ನಮ್ಮ ದೇಶಕ್ಕೆ ಇಂಥ ನೇರ ಸಂಖ್ಯೆ ಕೊಡುವ ದಾಖಲೆ ಇಲ್ಲ. ಭಾರತದ ಸರಾಸರಿ ಆಯಸ್ಸು ಸುಮಾರು 70, ಕೇರಳದ್ದು ಸುಮಾರು 75. ಆದರೆ ಕೇರಳದ ಸರಾಸರಿ ನೂಲ್ಪುಳದ ಅಜ್ಜಿಯ ಸರಾಸರಿಯೇ? 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಣೆಯಾಯಿತು. ಇಪ್ಪತ್ತು ವರ್ಷದ ನಂತರ, 2011ರ ಜನಗಣತಿಯಲ್ಲಿ, ರಾಜ್ಯದ ಸಾಕ್ಷರತೆ ಶೇ 94. ಅದೇ ರಾಜ್ಯದ ಪರಿಶಿಷ್ಟ ಪಂಗಡಗಳಲ್ಲಿ ಶೇ 75.8. ಇಡೀ ದೇಶದ ಬುಡಕಟ್ಟು ಜನರ ಆಯಸ್ಸು 63.9 ವರ್ಷ, ಒಟ್ಟು ಜನರದು 67 ಎಂಬ ಅಂದಾಜನ್ನು ಡಾ. ಅಭಯ್ ಬಂಗ್ ನೇತೃತ್ವದ ತಜ್ಞ ಸಮಿತಿ 2018ರ ವರದಿಯಲ್ಲಿ ಮುಂದಿಟ್ಟಿತ್ತು. ಉತ್ತರ ಮತ್ತು ಪೂರ್ವದ ಒಂಬತ್ತು ರಾಜ್ಯಗಳ ಸಮೀಕ್ಷೆ ಆಧರಿಸಿ 2022ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ಆಯಸ್ಸು ಕಡಿಮೆ, ಅದೂ ನಾಲ್ಕು ವರ್ಷಕ್ಕೂ ಮಿಗಿಲಾಗಿ. ಮನೆಯ ಆರ್ಥಿಕ ಸ್ಥಿತಿ ವಿವರಿಸಿದ್ದು ಆ ಅಂತರದ ಅರ್ಧಕ್ಕಿಂತ ಕಡಿಮೆ ಭಾಗವನ್ನು.

ಹಾಗಾದರೆ ನೂಲ್ಪುಳದಂಥ ಒಂದು ಪಂಚಾಯತಿಗೇ ಲೆಕ್ಕ ಹಾಕಿದರೆ? ಇಪ್ಪತ್ತೈದು ಸಾವಿರ ಜನರ ಒಂದು ಪಂಚಾಯತಿ ಎಂದುಕೊಳ್ಳಿ. ಕೇರಳದಲ್ಲಿ ಸಾವಿರಕ್ಕೆ ಸುಮಾರು ಏಳು ಜನ ವರ್ಷಕ್ಕೆ ಸಾಯುತ್ತಾರೆ. ಅಂದರೆ 175 ಸಾವು. ಅದನ್ನು ಗಂಡು ಹೆಣ್ಣು ಎಂದು ಒಡೆಯಿರಿ, ವಯಸ್ಸಿನ ಹತ್ತು ಗುಂಪಿಗೆ ಹಂಚಿ, ಓದಿನ ನಾಲ್ಕು ಗುಂಪಿಗೆ ಮತ್ತೆ ಹಂಚಿ. ಎಂಬತ್ತು ಮನೆಗಳಿರುವ ಪಟ್ಟಿಯಲ್ಲಿ ಒಂದೊಂದರಲ್ಲಿ ಎರಡೋ ಮೂರೋ ಸಾವು ಉಳಿಯುತ್ತವೆ. ಒಂದು ವರ್ಷ ಒಂದು ಜೀಪು ಮಗುಚಿದರೆ ಇಡೀ ಲೆಕ್ಕ ಅಲ್ಲಾಡಿಹೋಗುತ್ತದೆ. ಹತ್ತು ವರ್ಷದ ಸಾವುಗಳನ್ನು ಒಟ್ಟು ಸೇರಿಸಬೇಕು, ಅಕ್ಕಪಕ್ಕದ ಪಂಚಾಯತಿಗಳನ್ನೂ ಕೂಡಿಸಬೇಕು. ಆಗ ಮಾತ್ರ ನಂಬಬಹುದಾದ ಸಂಖ್ಯೆ ಸಿಗುತ್ತದೆ.

ಇನ್ನೂ ಒಂದು ತೊಡಕು ಕನ್ನಡ ನಾಡಿಗೇ ಸೇರಿದ್ದು. ವಯನಾಡಿನ ಪಣಿಯರು ಶುಂಠಿ ಹೊಲದ ಕೂಲಿಗೆ ಕೊಡಗಿಗೆ, ಮೈಸೂರು ಜಿಲ್ಲೆಗೆ ಬರುತ್ತಾರೆ. ನಮ್ಮ ಕಾನೂನಿನಲ್ಲಿ ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಊರಿನಲ್ಲಿ. ಕೊಡಗಿನ ಹೊಲದಲ್ಲಿ ತೀರಿಕೊಂಡ ನೂಲ್ಪುಳದ ಕೂಲಿಯ ಹೆಸರು ನೂಲ್ಪುಳದ ಪುಸ್ತಕದಲ್ಲಿ ಇರುವುದಿಲ್ಲ. ಕೂಲಿಗೆ ಹೊರಡುವವರು ಹೆಚ್ಚಾಗಿ ಶಾಲೆ ಬಿಟ್ಟವರೇ; ಆ ಸಾವುಗಳು ಸರಿಯಾಗಿ ಓದದವರ ಗುಂಪಿನಿಂದಲೇ ಕಳಚಿಹೋಗುತ್ತವೆ. ಮನೆಮನೆಗೆ ಹೋಗಿ, ಈಚೆಗೆ ಈ ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳುವ ಸಮೀಕ್ಷೆಗಳೂ ಇವೆ. ಒಬ್ಬಂಟಿ ಮುದುಕ ಸತ್ತು ಗುಡಿಸಲಿಗೆ ಬೀಗ ಬಿದ್ದಿದ್ದರೆ ಉತ್ತರ ಹೇಳಲು ಅಲ್ಲಿ ಯಾರೂ ಇರುವುದಿಲ್ಲ.

ಇಷ್ಟೆಲ್ಲ ಅಡ್ಡಿಗಳ ನಡುವೆ ಒಂದು ಸುಲಭದ ದಾರಿಯನ್ನು ಬ್ರಿಟನ್ನಿನ ವಿಲಿಯಂ ಬ್ರಾಸ್ 1960ರ ದಶಕದಲ್ಲಿ ಹುಡುಕಿದರು. ಆಫ್ರಿಕಾದ ಹಳ್ಳಿಗಳಲ್ಲಿ ಜನನ ಮರಣದ ದಾಖಲೆಯೇ ಇರಲಿಲ್ಲ. ಅವರು ತಾಯಂದಿರಿಗೆ ಎರಡೇ ಪ್ರಶ್ನೆ ಸಾಕು ಎಂದರು: ಎಷ್ಟು ಮಕ್ಕಳು ಹೆತ್ತಿರಿ? ಎಷ್ಟು ಮಕ್ಕಳು ಉಳಿದಿದ್ದಾರೆ? ಮೂವತ್ತರಿಂದ ಮೂವತ್ನಾಲ್ಕರ ತಾಯಂದಿರು ಕಳೆದುಕೊಂಡ ಮಕ್ಕಳ ಪಾಲು, ಸಣ್ಣ ತಿದ್ದುಪಡಿಯೊಂದಿಗೆ, ಐದು ವರ್ಷದೊಳಗೆ ಸಾಯುವ ಮಕ್ಕಳ ಪ್ರಮಾಣವನ್ನು ಹೇಳುತ್ತದೆ. ಯಾರೂ ದಿನಾಂಕ ನೆನಪಿಟ್ಟುಕೊಳ್ಳಬೇಕಿಲ್ಲ. ಬಿದಿರು ಹೂ ಬಿಟ್ಟ ವರ್ಷದಿಂದ ವಯಸ್ಸು ಎಣಿಸುವ ತಾಯಿಯೂ ಹೆತ್ತ ಮಕ್ಕಳ ಲೆಕ್ಕ ಮರೆಯುವುದಿಲ್ಲ. ನಮ್ಮ ಜನಗಣತಿಯಲ್ಲಿ ಈ ಎರಡೂ ಪ್ರಶ್ನೆಗಳಿವೆ, ತಾಯಿಯ ಓದೂ ಇದೆ. ನಿಮ್ಮ ಅಪ್ಪ ಅಮ್ಮ ಇದ್ದಾರೆಯೇ ಎಂದು ದೊಡ್ಡವರನ್ನು ಕೇಳಿ ವಯಸ್ಕರ ಸಾವನ್ನು ಅಂದಾಜು ಮಾಡುವ ವಿಧಾನವನ್ನೂ ಬ್ರಾಸ್ ಕಟ್ಟಿದರು. ಅದನ್ನು ಭಾರತದ ಸಮೀಕ್ಷೆಗಳಿಗೆ ಹಚ್ಚಿ ನೋಡಿದವರಿದ್ದಾರೆ. ಆದರೆ ಅಲ್ಲಿ ಸಿಗುವುದು ಉತ್ತರ ಹೇಳುವ ಮಗನ ಓದು, ತೀರಿಕೊಂಡ ತಂದೆಯದಲ್ಲ.

ತಾಯಿಯ ಓದಿನ ಬಗ್ಗೆ ಸಿಕ್ಕಿರುವ ಉತ್ತರ ಸ್ಪಷ್ಟವಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ, ಪಿಯುಸಿವರೆಗೆ ಓದಿದ ತಾಯಂದಿರ ಮಕ್ಕಳ ಸಾವು ಶಾಲೆ ಕಾಣದ ತಾಯಂದಿರ ಮಕ್ಕಳ ಸಾವಿಗಿಂತ ಸುಮಾರು ಅರ್ಧ ಕಡಿಮೆ. ಕಾರಣ ಹುಡುಕಿದವರು ನಮ್ಮ ಹಳ್ಳಿಗಳಿಗೇ ಬಂದಿದ್ದರು. ಆಸ್ಟ್ರೇಲಿಯಾದ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಪಿ. ಎಚ್. ರೆಡ್ಡಿ ಕರ್ನಾಟಕದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಓಡಾಡಿ, ಜನರ ಜೊತೆ ಕೂತು ಕೇಳಿ, 1988ರಲ್ಲಿ ಪುಸ್ತಕ ಹೊರತಂದರು. ಓದದ ತಾಯಿಗೂ ಮಗುವಿನ ಮೇಲೆ ಅಷ್ಟೇ ಪ್ರೀತಿ. ವ್ಯತ್ಯಾಸ ಕಾಣುತ್ತಿದ್ದುದು ಔಷಧಿ ಕೊಟ್ಟೂ ಜ್ವರ ಇಳಿಯದಿದ್ದಾಗ. ಶಾಲೆಗೆ ಹೋಗಿದ್ದವಳು ಮತ್ತೆ ಆಸ್ಪತ್ರೆಗೆ ಬಂದು, ಗುಣವಾಗಿಲ್ಲ ಡಾಕ್ಟ್ರೇ ಎನ್ನುತ್ತಿದ್ದಳು. ಹೋಗದವಳು, ಅಷ್ಟು ದೊಡ್ಡವರ ಎದುರು ಹಾಗೆ ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಮನೆಯಲ್ಲೇ ಉಳಿಯುತ್ತಿದ್ದಳು. ನನ್ನ ಸೋದರತ್ತೆಯೂ ಹಾಗೇ. ಕಾಲಿನ ಹುಣ್ಣು ಮಾಯಲಿಲ್ಲವೆಂದು ಡಾಕ್ಟರಿಗೆ ಹೇಳಲು ಅವರಿಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಾಲನ್ನು ತಿಂದಿತ್ತು. ಶಾಲೆ ಕಲಿಸುವ ಅಕ್ಷರಕ್ಕಿಂತ, ಮೇಜಿನ ಆಚೆ ಕೂತವರನ್ನು ಕೇಳಬಹುದು ಎಂಬ ಧೈರ್ಯ ಆಯಸ್ಸಿಗೆ ಹೆಚ್ಚು ಬೇಕು ಎಂದು ನನಗೆ ಅನ್ನಿಸಿದ್ದು ಆಗ.

ನೂಲ್ಪುಳದಲ್ಲಿ ಆ ಧೈರ್ಯ ಕಲಿಯಬೇಕಾದ ಶಾಲೆಯಲ್ಲಿ ಮಗು ಮೊದಲು ಎದುರಿಸುವುದೇ ಗೊತ್ತಿಲ್ಲದ ಭಾಷೆಯನ್ನು. ಕಾಟುನಾಯ್ಕರ ಮನೆಯಲ್ಲಿ ಕನ್ನಡದ ಹತ್ತಿರದ ಮಾತು, ತರಗತಿಯಲ್ಲಿ ಮಲಯಾಳ. ಇದನ್ನು ಅರಿತು ಕೇರಳ ಸರ್ಕಾರ 2017ರಲ್ಲಿ ವಯನಾಡಿನಲ್ಲಿ ಗೋತ್ರಬಂಧು ಯೋಜನೆ ತಂದು, ಬುಡಕಟ್ಟುಗಳವರನ್ನೇ ಶಾಲೆಗಳಲ್ಲಿ ಮಾರ್ಗದರ್ಶಿ ಶಿಕ್ಷಕರನ್ನಾಗಿ ನೇಮಿಸಿತು. ಒಳ್ಳೆಯ ಕೆಲಸ. ಆದರೆ ಎಲ್ಲವನ್ನೂ ಶಾಲೆಯ ತಲೆಗೆ ಕಟ್ಟುವುದು ತಪ್ಪು. ಪಣಿಯರಲ್ಲೂ ಕುರುಮರಲ್ಲೂ ಕಾಣುವ ಸಿಕಲ್ ಸೆಲ್ ರಕ್ತಹೀನತೆ ಓದಿದವರನ್ನು ಬಿಡುವುದಿಲ್ಲ. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ವಯನಾಡಿನಲ್ಲೂ ಜೀವ ತೆಗೆದಿದೆ; ಕಾಡಿಗೆ ಸೌದೆಗೆ ಹೋಗಲೇಬೇಕಾದವರಿಗೆ ಅದು ಮೊದಲು ತಗಲುತ್ತದೆ. ಜಮೀನಿಲ್ಲದ ಕಷ್ಟ ಎಂಥದೆಂದು 2003ರ ಫೆಬ್ರವರಿಯಲ್ಲಿ ಇದೇ ಮುತ್ತಂಗದ ಕಾಡಿನಲ್ಲಿ, ಆದಿವಾಸಿ ನಾಯಕಿ ಸಿ. ಕೆ. ಜಾನು ಅವರ ಹೋರಾಟದ ಹೊತ್ತಿಗೆ, ಗುಂಡೇಟಿನ ಸದ್ದಿನಲ್ಲಿ ದೇಶ ಕೇಳಿತು. ಓದಿಲ್ಲದವನಿಗೆ ಜಮೀನೂ ಇಲ್ಲ, ಆಸ್ಪತ್ರೆಯೂ ದೂರ. ಇವುಗಳಲ್ಲಿ ಯಾವುದು ಎಷ್ಟು ವರ್ಷ ಕಿತ್ತುಕೊಂಡಿತು ಎಂದು ಬಿಡಿಸಿ ಹೇಳುವುದು ಕಷ್ಟ. ಓದದವರ ಗುಂಪೂ ಬದಲಾಗುತ್ತ ಬಂದಿದೆ: ಹಳೆಯ ಕಾಲದಲ್ಲಿ ಬಹುಪಾಲು ಜನ ಓದದವರೇ. ಇಂದು ಕೇರಳದಲ್ಲಿ ಓದದೇ ಉಳಿದ ಮೂವತ್ತರ ಯುವಕ ಎಲ್ಲ ಬಗೆಯಲ್ಲೂ ಹಿಂದೆ ಬಿದ್ದವನು. ಅಂತರ ಬೆಳೆಯುತ್ತಿದೆ ಎಂದು ಸಂಖ್ಯೆ ಹೇಳಿದಾಗ ಇದನ್ನೂ ನೆನಪಿಡಬೇಕು.

ಶಾಲೆ ತಪ್ಪಿಹೋದವರ ಆಯಸ್ಸನ್ನೂ ಕಾಪಾಡಬಹುದು ಎಂಬುದಕ್ಕೆ ನೂಲ್ಪುಳದ ಕುಟುಂಬ ಆರೋಗ್ಯ ಕೇಂದ್ರವೇ ಕಣ್ಣೆದುರಿನ ಉದಾಹರಣೆ. ರಾಷ್ಟ್ರೀಯ ಗುಣಮಟ್ಟದ ಮಾನ್ಯತೆ ಪಡೆದ ಸರ್ಕಾರಿ ಕೇಂದ್ರ ಅದು. ಹೆರಿಗೆಗೆ ದಿನ ಹತ್ತಿರ ಬಂದ ಬುಡಕಟ್ಟು ಹೆಣ್ಣುಮಕ್ಕಳು ಮುಂಚಿತವಾಗಿಯೇ ಬಂದು ತಂಗಲು ಅಲ್ಲಿ ಜಾಗವಿದೆ. ರೋಗಿಗಳ ವಿವರ ಕಂಪ್ಯೂಟರಿನಲ್ಲಿದೆ. ಪ್ರತಿ ಮನೆಯ ಬಾಗಿಲು ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ಕೇರಳದಲ್ಲಿ ಜನನ ಮರಣದ ನೋಂದಣಾಧಿಕಾರಿ ಪಂಚಾಯತಿಯ ಕಾರ್ಯದರ್ಶಿಯೇ. ಇಷ್ಟು ಇದ್ದ ಮೇಲೆ, ತೀರಿಕೊಂಡ ಪ್ರತಿಯೊಬ್ಬರ ಹೆಸರಿನ ಮುಂದೆ ಎಷ್ಟನೇ ಕ್ಲಾಸು ಎಂದು ಬರೆದಿಟ್ಟುಕೊಳ್ಳಲು ದಿಲ್ಲಿಯಿಂದ ಯಾರೂ ಬರಬೇಕಿಲ್ಲ. ಕರ್ನಾಟಕದ ಹಳ್ಳಿಗಳಲ್ಲೂ ಇದನ್ನು ಮಾಡಬಹುದು. ಚಾಮರಾಜನಗರದ ಸೋಲಿಗರ ಪೋಡುಗಳಲ್ಲಿ, ಎಚ್. ಡಿ. ಕೋಟೆಯ ಜೇನುಕುರುಬರ ಹಾಡಿಗಳಲ್ಲಿ ಮೊದಲು ಮಾಡಬೇಕು. ನಮೂನೆ 2ರಲ್ಲಿ ಅಡಿಕೆಯ ಸಾಲಿನ ಪಕ್ಕ ಇನ್ನೊಂದು ಸಾಲು ಸೇರಿಸುವುದು ಕೇಂದ್ರದ ಮಹಾನೋಂದಣಾಧಿಕಾರಿಗಳ ಕೈಯಲ್ಲಿದೆ. ಅವರು ಅದನ್ನು ಸೇರಿಸಲಿ.

ನೀವೂ ಒಂದು ಕೆಲಸ ಮಾಡಬೇಕು. ಮನೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಾಯಿಸಿ. ಹಿರಿಯರು ಇನ್ನೂ ನೆನಪು ಇಟ್ಟುಕೊಂಡಿರುವಾಗಲೇ ಅವರ ಪಕ್ಕ ಕೂತು, ಯಾವ ಬರ, ಯಾವ ಜಾತ್ರೆ, ಯಾವ ಬಿದಿರು ಎಂದು ಕೇಳಿ ನಿಜವಾದ ವಯಸ್ಸನ್ನು ಬರೆದಿಡಿ. ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟರು ಎಂಬುದನ್ನೂ ಬರೆದಿಡಿ, ಹೆಚ್ಚು ಮಾಡದೆ, ಕಡಿಮೆ ಮಾಡದೆ.